ಮೆಟ್ಟಿಲ ಮೇಲೆ ಬಡಿಸಿದ ಊಟ

ಕೋಲ್ಕತ್ತದ ಕಸ್ಬಾ ಬಡಾವಣೆಯ ಆ ಮನೆಯಲ್ಲಿ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆವರೆಗಿನ ಒಂದು ಗಂಟೆ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಪಕ್ಕದ ಬೀದಿಯಲ್ಲಿ ದೊಡ್ಡದೊಂದು ಮಾಲ್ ಏಳುತ್ತಿತ್ತು. ನೆಲದೊಳಕ್ಕೆ ಕಂಬ ಇಳಿಸುವ ಯಂತ್ರ ಬೆಳಿಗ್ಗೆಯಿಂದ ಧಡ್ ಧಡ್ ಎಂದು ಹೊಡೆಯುತ್ತಿದ್ದರೆ ನಮ್ಮ ಅಡುಗೆಮನೆಯ ಸ್ಟೀಲ್ ಲೋಟಗಳು ತಮ್ಮಷ್ಟಕ್ಕೆ ಝಣಝಣ ಅನ್ನುತ್ತಿದ್ದವು. ಅದು ಅಭ್ಯಾಸವಾಗಿತ್ತು. ಒಂದೂವರೆಗೆ ಕೆಲಸದವರು ಊಟಕ್ಕೆ ಬಿಟ್ಟಾಗ ಸದ್ದು ಒಮ್ಮೆಗೇ ನಿಲ್ಲುತ್ತಿತ್ತು. ಬೀದಿಯಲ್ಲಿ ಅಂಗಡಿಗಳ ಬಾಗಿಲು ಅರ್ಧ ಇಳಿದಿರುತ್ತಿತ್ತು, ರಿಕ್ಷಾದವರು ತಮ್ಮ ರಿಕ್ಷಾಗಳಲ್ಲೇ ಮುದುರಿ ಮಲಗಿರುತ್ತಿದ್ದರು. ಆಗ ನಮ್ಮ ತಲೆಯ ಮೇಲೆ, ಯಾರೂ ವಾಸವಿಲ್ಲದ ತಾರಸಿಯಲ್ಲಿ, ಯಾರೋ ನಡೆಯುವುದು ಕೇಳಿಸುತ್ತಿತ್ತು. ಬರಿಗಾಲಿನ ನಡಿಗೆ. ಅಡುಗೆಮನೆಯ ಮೇಲಿನಿಂದ ಹೊರಟು, ನನ್ನ ಕೋಣೆಯ ಮೇಲೆ ಬಂದು, ಅಲ್ಲಿ ನಿಲ್ಲುವುದು.

ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ. ಉಡುಪಿ ಕಡೆಯಿಂದ ಕೋಲ್ಕತ್ತಕ್ಕೆ ವರ್ಗವಾಗಿ ಬಂದವರು, ಮೊದಲು ಎರಡು ವರ್ಷ ದಕ್ಷಿಣೇಶ್ವರದ ಹತ್ತಿರ ಮನೆ ಮಾಡಿದ್ದರು. ಸಾಲ್ಟ್ ಲೇಕಿನಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೊಂದು ಎದ್ದು, ಬ್ಯಾಂಕಿನವರು ಅಲ್ಲೊಂದು ಹೊಸ ಶಾಖೆ ತೆರೆದಾಗ ಅಪ್ಪನನ್ನು ಅಲ್ಲಿಗೆ ಹಾಕಿದರು. ಓಡಾಟಕ್ಕೆ ಹತ್ತಿರವಾಗಲಿ ಎಂದು ಕಸ್ಬಾದ ಈ ಹಳೆಯ ಮನೆಗೆ ಬಂದೆವು. ನನಗೆ ಆಗ ಹತ್ತು ವರ್ಷ. ಕೆಳಗೆ ಮನೆ ಯಜಮಾನರು ಬಾದಲ್‌ಬಾಬು ಮತ್ತು ಅವರ ಹೆಂಡತಿ. ಅವರನ್ನು ನಾವು ಬೌದಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆವು. ಮೊದಲ ಮಹಡಿ ನಮ್ಮದು. ಕೆಂಪು ಗಾರೆಯ ನೆಲ, ಹಸಿರು ಬಣ್ಣದ ಮರದ ಪಟ್ಟಿಗಳ ಕಿಟಕಿ, ಫ್ರಿಜ್ಜಿನ ಬಾಗಿಲು ತೆರೆದರೆ ಅಮ್ಮ ಹೊರಗೆ ಬರಬೇಕಾದಷ್ಟು ಇಕ್ಕಟ್ಟಿನ ಅಡುಗೆಮನೆ. ಮನೆಯ ಜೊತೆಗೇ ಬಂದ ಊಟದ ಮೇಜಿಗೆ ನಾಲ್ಕು ಕುರ್ಚಿ, ನಾಲ್ಕರದ್ದೂ ಬೇರೆ ಬೇರೆ ಎತ್ತರ. ನಮ್ಮ ಬಾಗಿಲ ಎದುರಿನಿಂದಲೇ ಮೆಟ್ಟಿಲು ತಾರಸಿಗೆ ಏರಿ ಹೋಗುತ್ತಿತ್ತು. ಮೇಲೆ ಒಂದು ಮರದ ಬಾಗಿಲು, ಅದರಾಚೆ ತಾರಸಿ, ತಾರಸಿಯ ಮೂಲೆಯಲ್ಲಿ ಒಂದೇ ಒಂದು ಕೋಣೆ. ತಾರಸಿಯ ಕಟ್ಟೆ ಶಿಥಿಲವಾಗಿದೆ, ಯಾರೂ ಮೇಲೆ ಹೋಗಬೇಡಿ, ಬಾಗಿಲಿಗೆ ಬೀಗ ಹಾಕಿದೆ ಎಂದು ಬಾದಲ್‌ಬಾಬು ಮೊದಲ ದಿನವೇ ಹೇಳಿದ್ದರು. ನಾನು ಎರಡನೆಯ ದಿನವೇ ಹೋಗಿ ನೋಡಿದ್ದೆ. ಬೀಗ ಇರಲಿಲ್ಲ. ಬಾಗಿಲ ಚಿಲಕ ಆಚೆ ಕಡೆಯಿಂದ ಹಾಕಿತ್ತು.

ಮನೆಗೆ ಬಂದ ವಾರದಲ್ಲಿ ಅಮ್ಮ ಗೋಳಿಬಜೆ ಮಾಡಿ, ನನ್ನ ಕೈಹಿಡಿದುಕೊಂಡು ಕೆಳಗಿನ ಮನೆಗೆ ಕೊಡಲು ಹೋದಳು. ಅವರ ಪಡಸಾಲೆಯ ಗೋಡೆಯಲ್ಲಿ ಒಬ್ಬ ಮುದುಕಿಯ ಫೋಟೋ. ಗಂಡಸರ ಹಾಗೆ ಕತ್ತರಿಸಿದ ಬಿಳಿಕೂದಲು, ಹಣೆ ಬರಿದು, ಎಡಗಲ್ಲದ ಮೇಲೆ ಕಡಲೆಕಾಳಿನಷ್ಟು ದೊಡ್ಡ ಮಚ್ಚೆ. ಫೋಟೋಕ್ಕೆ ಸುಗಂಧರಾಜದ ಹಾರ ಹಾಕಿ ಊದುಬತ್ತಿ ಹಚ್ಚಿದ್ದರು. ಬಾದಲ್‌ಬಾಬುವಿನ ಸೋದರತ್ತೆ, ಎಲ್ಲರೂ ಪಿಶಿಮಾ ಅನ್ನುತ್ತಿದ್ದರು, ಹೋದ ಚಳಿಗಾಲದಲ್ಲಿ ತೀರಿಕೊಂಡರು ಎಂದು ಬೌದಿ ಹೇಳಿದರು. ಅಮ್ಮ ಚಪ್ಪಲಿ ಬಿಟ್ಟಿದ್ದೇನೋ ಇಲ್ಲವೋ ಎಂದು ಇನ್ನೊಮ್ಮೆ ನೋಡಿಕೊಂಡು ಫೋಟೋಕ್ಕೆ ಕೈಮುಗಿದಳು. ನನ್ನ ಕೈಯಲ್ಲೂ ಮುಗಿಸಿದಳು.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ, ಯಂತ್ರದ ಸದ್ದು ನಿಂತ ಹೊತ್ತಿನಲ್ಲಿ, ಮೆಟ್ಟಿಲ ಕಂಬಿಯ ಮೇಲೆ ಒಣಹಾಕಿದ್ದ ನನ್ನ ಸ್ಕೂಲಿನ ಬಟ್ಟೆ ತರಲು ಬಾಗಿಲು ತೆರೆದೆ. ಮೇಲಿನ ಬಾಗಿಲು ಒಂದು ಗೇಣು ತೆರೆದಿತ್ತು. ಆ ಸಂದಿಯಲ್ಲಿ ಒಂದು ಮುಖ ನನ್ನನ್ನು ನೋಡುತ್ತಿತ್ತು. ಬಿಳಿ ಸೀರೆ, ಕತ್ತರಿಸಿದ ಕೂದಲು, ಎಡಗಲ್ಲದ ಮೇಲೆ ಮಚ್ಚೆ. ಫೋಟೋದಲ್ಲಿದ್ದದ್ದಕ್ಕಿಂತ ತೆಳ್ಳಗಾಗಿತ್ತು. ಆ ಮುಖ ಸ್ವಲ್ಪವೂ ಸದ್ದಿಲ್ಲದೆ ಹಿಂದೆ ಸರಿಯಿತು, ಬಾಗಿಲು ಮುಚ್ಚಿತು, ಆಚೆಯಿಂದ ಚಿಲಕ ಬಿತ್ತು.

ಅಮ್ಮ ಮೊದಲು ನಂಬಲಿಲ್ಲ. ಮರುದಿನ ತಾನೇ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಕಾದು, ಬಿಳಿ ಸೀರೆಯ ಬೆನ್ನೊಂದು ಮೆಟ್ಟಿಲು ಹತ್ತಿ ಹೋಗುವುದನ್ನು ನೋಡಿದಳು. ಆಮೇಲೆ ಬಂದು ನೆಲದ ಮೇಲೆ ಕೂತು ಎರಡು ಲೋಟ ನೀರು ಕುಡಿದಳು. ಬಿಎಸ್ಸಿ ಓದಿದ ಹೆಂಗಸು ನನ್ನ ಅಮ್ಮ. ಆದರೆ ಅವಳಿಗೆ ಹೆದರಿಕೆಯ ಜೊತೆಜೊತೆಗೇ ಕನಿಕರವೂ ಬರುತ್ತಿತ್ತು, ಒಂದನ್ನು ಬಿಟ್ಟು ಒಂದು ಬರುತ್ತಲೇ ಇರಲಿಲ್ಲ.

"ಪಾಪ, ಅವರಿಗೆ ಬಡಿಸುವವರು ಯಾರೂ ಇಲ್ಲ ಅಂತ ಕಾಣ್ತದೆ," ಅಂದಳು. "ಊದುಬತ್ತಿ ಹಚ್ಚಿದ್ರೆ ಹೊಟ್ಟೆ ತುಂಬ್ತದಾ?"

ನಮ್ಮೂರಲ್ಲಿ ಆಟಿ ಅನ್ನುವ ಆಷಾಢ ತಿಂಗಳಲ್ಲಿ ತೀರಿಕೊಂಡ ಹಿರಿಯರಿಗೆ ಬಡಿಸುವ ಕ್ರಮವುಂಟು. ಒಳಕೋಣೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ನೀರಿಟ್ಟು, ಬಾಗಿಲು ಮುಚ್ಚಿ, ಮನೆಮಂದಿಯೆಲ್ಲ ಹೊರಗೆ ಸುಮ್ಮನೆ ಕೂರುವುದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗುವುದು. ಬಡಿಸಿದ್ದು ಬಡಿಸಿದ ಹಾಗೇ ಇರುತ್ತದೆ, ಅವರು ಉಂಡು ಹೋದರೆಂದು ನಾವು ತಿಳಿದುಕೊಳ್ಳುತ್ತೇವೆ. ಅಮ್ಮ ಮರುದಿನ ಅದನ್ನೇ ಮಾಡಿದಳು. ಸ್ಟೀಲ್ ತಟ್ಟೆಯಲ್ಲಿ ಅನ್ನ, ತೊವ್ವೆ, ತೊಂಡೆಕಾಯಿ ಪಲ್ಯ. ಬೇರೆ ಬಟ್ಟಲಿನಲ್ಲಿ ರುಯಿ ಮೀನಿನ ಗಸಿ. ಒಂದು ಲೋಟ ನೀರು. ಮೇಲಿನಿಂದ ಮೂರನೆಯ ಮೆಟ್ಟಿಲ ಮೇಲೆ ಇಟ್ಟು, ಹಿಂದೆ ತಿರುಗಿ ನೋಡದೆ ಬಂದು ನಮ್ಮ ಬಾಗಿಲು ಹಾಕಿದಳು. ನಾವಿಬ್ಬರೂ ಒಳಗೆ ಮೈಮುದುರಿ ಕೂತೆವು. ಯಂತ್ರ ಮತ್ತೆ ಶುರುವಾದ ಮೇಲೆ ಅಮ್ಮ ಬಾಗಿಲು ತಟ್ಟಿ, ಒಳಗಿನಿಂದ ಹೊರಕ್ಕೆ ತಟ್ಟಿ, ತೆರೆದಳು. ತಟ್ಟೆ ಖಾಲಿ. ಖಾಲಿ ಮಾತ್ರವಲ್ಲ, ತೊಳೆದು ಒರೆಸಿ ಕವುಚಿ ಹಾಕಿತ್ತು. ಮೀನಿನ ಬಟ್ಟಲು ಮಾತ್ರ ಮುಟ್ಟದೆ, ಎರಡು ಮೆಟ್ಟಿಲು ಕೆಳಗೆ ದೂರ ಸರಿಸಿ ಇಟ್ಟಿತ್ತು.

ಊರಿನ ಸತ್ತವರು ಯಾವತ್ತೂ ಹೀಗೆ ಮಾಡಿದವರಲ್ಲ. ಆದರೂ ಮರುದಿನ ಮತ್ತೆ ಬಡಿಸಿದಳು, ಅದರ ಮರುದಿನವೂ. ನಿಲ್ಲಿಸಿದರೆ ಏನಾಗುತ್ತದೋ ಎಂಬ ಹೆದರಿಕೆ ಒಂದು. ಇನ್ನೊಂದು, ತಟ್ಟೆ ಖಾಲಿಯಾಗುವುದನ್ನು ನೋಡಿದರೆ ಅಮ್ಮನಿಗೆ ಸಂತೋಷವಾಗುತ್ತಿತ್ತು. ಮೀನು ಮಾತ್ರ ದಿನವೂ ಹಾಗೇ ಉಳಿಯುತ್ತಿತ್ತು. ಮಸಾಲೆ ಹೆಚ್ಚಾಯಿತೇನೋ ಎಂದು ಅಮ್ಮ ಬೌದಿಯಿಂದ ಕೇಳಿಕೊಂಡು ಸಾಸಿವೆ ಅರೆದು ಬಂಗಾಳಿ ರೀತಿಯಲ್ಲಿ ಮಾಡಿದಳು. ಮೀನು ಬದಲಿಸಿ ನೋಡಿದಳು. ಒಮ್ಮೆ ಹಿಲ್ಸಾ ಕೂಡ ತರಿಸಿದಳು, ಅಪ್ಪನಿಗೆ ಯಾವತ್ತೂ ಬಡಿಸದಷ್ಟು ದಪ್ಪ ತುಂಡು. ಯಾವುದೂ ನಡೆಯಲಿಲ್ಲ. ಬಟ್ಟಲು ಎರಡು ಮೆಟ್ಟಿಲು ಕೆಳಗೆ ಬಂದು ಕೂತಿರುತ್ತಿತ್ತು.

ಅಪ್ಪ ಬೆಳಿಗ್ಗೆ ಹೋಗಿ ದೀಪ ಹಚ್ಚಿದ ಮೇಲೆ ಬರುವವರು. ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಭಾನುವಾರಗಳಲ್ಲಿ ಅವರು ಉಂಡು ಮಲಗಿದ ಮೇಲೆ ಅಮ್ಮ ತಟ್ಟೆ ಇಡುತ್ತಿದ್ದಳು. ಬೆಳಗಿನ ಸ್ಕೂಲು ಮುಗಿಸಿ ಮಧ್ಯಾಹ್ನಕ್ಕೆ ಮನೆಗೆ ಬರುತ್ತಿದ್ದ ನನಗೂ ಅಮ್ಮನಿಗೂ ನಡುವೆ ಇದ್ದ ಗುಟ್ಟು ಅದು. ಒಂದು ದಿನ ನನ್ನ ಸ್ಕೂಲ್ ಅಂಗಿಯ ಗುಂಡಿ ಕಿತ್ತುಹೋಗಿತ್ತು, ಅಂಚು ಬಿಟ್ಟಿತ್ತು. ಒಗೆದು ಕಂಬಿಯ ಮೇಲೆ ಹಾಕಿದ್ದಳು ಅಮ್ಮ. ಸಂಜೆ ತೆಗೆದುನೋಡಿದರೆ ಅಂಚನ್ನು ಇರುವೆ ಸಾಲಿನ ಹಾಗೆ ಸಣ್ಣಸಣ್ಣ ಹೊಲಿಗೆ ಹಾಕಿ ಮಡಚಿತ್ತು. ಬೇರೆ ಬಣ್ಣದ್ದಾದರೂ ಗುಂಡಿಯೊಂದು ಬಂದಿತ್ತು.

"ನೀನಾ ಹೊಲಿದದ್ದು?" ಅಮ್ಮ ಕೇಳಿದಳು.

"ನಂಗೆ ಸೂಜಿಗೆ ನೂಲು ಹಾಕ್ಲಿಕ್ಕೇ ಬರುದಿಲ್ಲ, ಅಮ್ಮ."

ಅಮ್ಮ ಆ ಅಂಗಿಯನ್ನು ಅರಿಶಿನದ ನೀರಿನಲ್ಲಿ ಅದ್ದಿ ತೆಗೆದಳು. ಕಾಲರಿನಲ್ಲಿ ಹಳದಿ ಉಳಿದು ಸ್ಕೂಲಿನಲ್ಲಿ ಬೈಸಿಕೊಂಡೆ. ಆ ಹೊಲಿಗೆ ಮಾತ್ರ ವರ್ಷ ಕಳೆದರೂ ಬಿಡಲಿಲ್ಲ. ಅದೇ ವಾರ ಇನ್ನೊಂದು ನಡೆಯಿತು. ಮಧ್ಯಾಹ್ನ ಖಾಲಿ ತಟ್ಟೆ ತರಲು ಅಮ್ಮ ನನ್ನನ್ನು ಕಳಿಸಿದ್ದಳು. ನಾನು ಬಗ್ಗಿ ತಟ್ಟೆ ಎತ್ತಿದಾಗ ಮುಚ್ಚಿದ ಬಾಗಿಲ ಹಿಂದಿನಿಂದ, ಬಹಳ ಹತ್ತಿರದಿಂದ, ಒಂದು ತೆಳುವಾದ ಸ್ವರ ಕೇಳಿತು.

"ಊಟ... ಆಯ್ತಾ?"

ಕನ್ನಡದಲ್ಲಿ. ಬಂಗಾಳಿ ಮುದುಕಿಯ ಪ್ರೇತ, ಕಸ್ಬಾದ ತಾರಸಿಯಲ್ಲಿ, ಕನ್ನಡದಲ್ಲಿ ನನ್ನನ್ನು ಊಟ ಆಯ್ತಾ ಎಂದು ಕೇಳಿತು. ತಟ್ಟೆ ಕೈಜಾರಿ, ಠಣಠಣ ಉರುಳಿ ನನಗಿಂತ ಮೊದಲು ಕೆಳಗೆ ತಲುಪಿತು. ಅದು ನಮ್ಮ ಮನೆಯನ್ನು ಎಷ್ಟು ಹತ್ತಿರದಿಂದ ಕೇಳಿಸಿಕೊಳ್ಳುತ್ತಿರಬೇಕು ಎಂದು ಯೋಚಿಸಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಸ್ಕೂಲಿನಿಂದ ಬಂದ ನನ್ನನ್ನು, ಫೋನಿನಲ್ಲಿ ಅಪ್ಪನನ್ನು, ಊರಿನಿಂದ ಮಾತಾಡುವ ಅಜ್ಜಿಯನ್ನು ಅಮ್ಮ ಕೇಳುತ್ತಿದ್ದದ್ದು ಅದೊಂದೇ ಮಾತು.

ನಮ್ಮಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದವಳು ಮಾಲತಿದಿ. ದಿನವೂ ಬೆಳಿಗ್ಗೆ ದಕ್ಷಿಣದ ಹಳ್ಳಿಯಿಂದ ಲೋಕಲ್ ರೈಲಿನಲ್ಲಿ ಬಂದು ನಾಲ್ಕು ಮನೆ ಕೆಲಸ ಮಾಡಿ ಹೋಗುವವಳು. ದಿನವೂ ಒಂದು ಬಟ್ಟಲು ಮೀನು ಹಾಗೇ ಉಳಿಯುವುದನ್ನು ನೋಡಿ ಒಂದು ದಿನ ಸೊಂಟಕ್ಕೆ ಕೈಯಿಟ್ಟು ಕೇಳಿಯೇಬಿಟ್ಟಳು. ಅವಳ ಬಂಗಾಳಿ ಅಮ್ಮನಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ನಾನು ಕನ್ನಡ ಮಾಡುತ್ತಿದ್ದೆ. ಅಮ್ಮ ಇನ್ನು ತಡೆಯಲಾರದೆ ಎಲ್ಲವನ್ನೂ ಹೇಳಿದಳು. ಮಾಲತಿದಿ ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕಳು. ಆಮೇಲೆ ನಗು ನಿಂತಿತು.

"ದೀದಿ, ಮೀನು ಬಿಡುವ ಭೂತ ನಮ್ಮ ಬಂಗಾಳದಲ್ಲಿ ಹುಟ್ಟಿಲ್ಲ," ಅಂದಳು. "ನಮ್ಮ ಭೂತಗಳು ಸಂತೆಯಿಂದ ಮೀನು ತರುವವರ ಬೆನ್ನು ಹಿಡಿದು ಮನೆವರೆಗೆ ಬರುತ್ತವೆ. ಅನ್ನ ಉಂಡು ಮೀನು ದೂರ ಇಡುವುದು ಯಾರು ಹೇಳಿ? ಗಂಡ ಸತ್ತ ಹಳೇಕಾಲದ ಹೆಂಗಸು. ಮೇಲೆ ಇರುವವರು ಬದುಕಿದ್ದಾರೆ."

ಅಡುಗೆಮನೆಯಲ್ಲಿ ನಲ್ಲಿ ಹರಿಯುತ್ತಲೇ ಇತ್ತು. ನನಗೆ ಪ್ರೇತವೆಂದುಕೊಂಡಾಗ ಆಗಿದ್ದಕ್ಕಿಂತ ಹೆಚ್ಚು ಹೆದರಿಕೆ ಆದದ್ದು ಆಗ. ಕೆಳಗೆ ಬದುಕಿರುವವರ ಫೋಟೋಕ್ಕೆ ಹಾರ ಹಾಕಿ ದಿನವೂ ಊದುಬತ್ತಿ ಹಚ್ಚುತ್ತಿದ್ದಾರೆ. ಬೌದಿಗೆ ಕೈನಡುಗುವುದಿಲ್ಲವೇ? ಮಾಲತಿದಿ ಎರಡೇ ದಿನದಲ್ಲಿ ಬೀದಿಯ ಹಳಬರಿಂದ ಉಳಿದದ್ದನ್ನು ತಿಳಿದುಕೊಂಡು ಬಂದಳು. ಮನೆಯಲ್ಲಿ ಪಿಶಿಮಾಗೂ ಒಂದು ಪಾಲಿತ್ತು. ಮನೆ ಕೆಡವಿ ಫ್ಲ್ಯಾಟ್ ಕಟ್ಟುತ್ತೇನೆಂದು ಬಂದ ಪ್ರೊಮೋಟರನಿಗೆ ಅವರು ರುಜು ಹಾಕಿಕೊಡಲಿಲ್ಲ. ಆಮೇಲೆ ಅವರನ್ನು ಯಾರೂ ನೋಡಿಲ್ಲ. ಆಸ್ಪತ್ರೆಯಲ್ಲೇ ತೀರಿಕೊಂಡರು, ಅಲ್ಲಿಂದಲೇ ಸ್ಮಶಾನಕ್ಕೆ ಒಯ್ದೆವು ಎಂದು ಬಾದಲ್‌ಬಾಬು ಹೇಳಿದ್ದನ್ನು ಬೀದಿ ನಂಬಿತ್ತು. ಸತ್ತವರ ರುಜು ಯಾರಿಗೂ ಬೇಕಾಗುವುದಿಲ್ಲ.

ಅಮ್ಮ ಸಂಜೆ ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪ ಒಳ್ಳೆಯವರು, ಆದರೆ ಪರಊರಿನಲ್ಲಿ ಬಾಡಿಗೆಗೆ ಇರುವ ಒಳ್ಳೆಯವರು.

"ನೋಡು ಮಾರಾಯ್ತಿ, ಇದು ಅವರ ಮನೆ ಒಳಗಿನ ವಿಷಯ," ಅಂದರು. "ನಾಳೆ ಬಾದಲ್‌ಬಾಬು ಮನೆ ಬಿಡಿ ಅಂದ್ರೆ ಇವಳ ಸ್ಕೂಲು ಎಂತ ಮಾಡುದು? ಪೊಲೀಸು, ಕೋರ್ಟು ಅಂತ ನಾವು ಯಾಕೆ ತಿರುಗುದು? ನಂಗೆ ಸ್ವಲ್ಪ ಯೋಚನೆ ಮಾಡ್ಲಿಕ್ಕೆ ಬಿಡು. ಅಲ್ಲಿವರೆಗೆ ಮೆಟ್ಲಿನ ಮೇಲೆ ಏನೂ ಇಡ್ಬೇಡ."

"ಅವರು ಉಣ್ಣುದು ಎಂತ, ಹಾಗಾದ್ರೆ?"

ಮರುದಿನ ಅಮ್ಮ ಬಡಿಸಲಿಲ್ಲ. ಎಷ್ಟೋ ವಾರ ಸತ್ತವರಿಗೆ ಒಂದು ಹೊತ್ತೂ ತಪ್ಪಿಸದೆ ಬಡಿಸಿದ ನಾವು, ಬದುಕಿದ್ದಾರೆಂದು ಗೊತ್ತಾದ ಕೂಡಲೇ ಊಟ ನಿಲ್ಲಿಸಿದೆವು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆ ದಿನಗಳಲ್ಲಿ ತಾರಸಿಯ ನಡಿಗೆ ಎಂದಿನಂತೆ ಕೇಳುತ್ತಿತ್ತು, ಅಡುಗೆಮನೆಯ ಮೇಲಿನಿಂದ ಹೊರಟು ನನ್ನ ಕೋಣೆಯವರೆಗೆ. ದಿನದಿಂದ ದಿನಕ್ಕೆ ನಿಧಾನವಾಗುತ್ತ ಬಂತು. ಅಮ್ಮ ರೇಡಿಯೋ ಹಾಕಿದಳು. ನಾಲ್ಕನೆಯ ದಿನ ಕಂಬಿಯ ಮೇಲಿನ ಬಟ್ಟೆ ತರಲು ಹೋದಾಗ ನಾನು ಬೇಕೆಂದೇ ಮೇಲೆ ನೋಡಲಿಲ್ಲ. ಆದರೂ ಆ ಸ್ವರ ಬಂತು, ಮೊದಲಿಗಿಂತ ತೆಳುವಾಗಿ.

"ಊಟ ಆಯ್ತಾ?"

"ಆಯ್ತು," ಅಂದೆ. ಅಂದು, ಓಡಿ ಬಂದು ಬಾಗಿಲು ಹಾಕಿಕೊಂಡೆ.

ಮರುದಿನ ಭಾನುವಾರ. ಅಪ್ಪ ಮನೆಯಲ್ಲಿದ್ದರು. ಮೂವರೂ ಊಟಕ್ಕೆ ಕೂತೆವು. ಎತ್ತಿದ ಮೊದಲ ತುತ್ತನ್ನು ನಾನು ತಟ್ಟೆಗೇ ಹಾಕಿದೆ. ಏನಾಯಿತೆಂದು ಅಮ್ಮ ಕೇಳಿದಳು.

"ಅವರು ನಿನ್ನೆ ಕೇಳಿದ್ರು, ಊಟ ಆಯ್ತಾ ಅಂತ," ಅಂದೆ. "ನಾನು ಆಯ್ತು ಅಂದೆ."

ಅಮ್ಮ ಕೈ ತೊಳೆಯಲಿಲ್ಲ. ಬೆರಳಲ್ಲಿ ಅನ್ನ ಅಂಟಿಕೊಂಡಿದ್ದಂತೆಯೇ ಎದ್ದು ಬಾಗಿಲು ತೆರೆದು ಮೆಟ್ಟಿಲು ಹತ್ತಿದಳು. ಅಪ್ಪ ಹಿಂದಿನಿಂದ ಅವಳ ಹೆಸರು ಹಿಡಿದು ಒಂದು ಸಲ ಕರೆದರು, ಆಮೇಲೆ ಕರೆಯಲಿಲ್ಲ. ಮೇಲೆ ಬಾಗಿಲು ಬಡಿಯುವುದು ಕೇಳಿತು. ಅಮ್ಮ ತನಗೆ ಬರುವ ಹರಕು ಬಂಗಾಳಿಯಲ್ಲಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಕೂಗುತ್ತಿದ್ದಳು.

"ಪಿಶಿಮಾ, ಬನ್ನಿ. ಊಟಕ್ಕೆ ಬನ್ನಿ. ಕೆಳಗೆ ಬನ್ನಿ."

ಚಿಲಕ ತೆಗೆದ ಸದ್ದಾಗಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅಪ್ಪ ಎದ್ದು ಮೀನಿನ ಪಾತ್ರೆಯನ್ನು ಒಳಗಿಟ್ಟು ಮೇಜು ಒರೆಸಿದರು. ನಾಲ್ಕು ಕುರ್ಚಿಗಳಲ್ಲಿ ಅಲುಗಾಡದ್ದು ಒಂದೇ, ಅದು ಅಪ್ಪನದು. ಅದನ್ನು ಬಾಗಿಲಿಗೆ ಮುಖಮಾಡಿ ಇಟ್ಟರು. ಮೆಟ್ಟಿಲ ಕಡೆಯ ಬಾಗಿಲನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದಂತೆ ನನ್ನ ಸ್ಕೂಲ್ ಚೀಲವನ್ನು ಅಡ್ಡ ಇಟ್ಟರು. ಪಿಶಿಮಾ ಅಮ್ಮನ ತೋಳು ಹಿಡಿದು ಇಳಿದು ಬಂದರು. ಬೆಳಕಿನಲ್ಲಿ ಹತ್ತಿರದಿಂದ ನೋಡಿದರೆ ನನ್ನಷ್ಟೇ ಎತ್ತರ. ಯಂತ್ರ ನಿಂತ ಹೊತ್ತಿನಲ್ಲಿ ಬಿಟ್ಟರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕಾಲಿಡುತ್ತಿದ್ದರು. ಸತ್ತವರ ಹಾಗೆ ಇರುವುದನ್ನು ಅವರು ಅಷ್ಟು ಚೆನ್ನಾಗಿ ಕಲಿತಿದ್ದರು. ಬಹಳ ದಿನ ಬೆಳಿಗ್ಗೆ ಕೆಳಗಿನಿಂದ ಬರುತ್ತಿದ್ದ ಒಂದು ಹಿಡಿ ಮಂಡಕ್ಕಿಯೇ ಅವರ ಊಟವಾಗಿತ್ತಂತೆ. ಯಾರ ಕಣ್ಣಿಗಾದರೂ ಬಿದ್ದರೆ ಅದೂ ಇಲ್ಲ ಎಂದು ಕೆಳಗಿನವರು ಹೇಳಿದ್ದರಂತೆ.

ಬಾದಲ್‌ಬಾಬು ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲೇ ನಿಂತರು. ಬೀದಿಯ ಇನ್ನೂ ಇಬ್ಬರು ಕೂಗು ಕೇಳಿ ಅವರ ಹಿಂದೆ ಬಂದಿದ್ದರು. ಅಪ್ಪನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ.

"ಪಿಶಿಮಾ ಊಟಕ್ಕೆ ಕೂತಿದ್ದಾರೆ, ದಾದಾ," ಎಂದರು ಹಿಂದಿಯಲ್ಲಿ. "ಬನ್ನಿ, ನೀವೂ ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಮುಂದಿನದು ಹೇಳಲು ಹೆಚ್ಚಿಲ್ಲ. ಬೀದಿಗೆಲ್ಲ ಗೊತ್ತಾಯಿತು, ಪಿಶಿಮಾಗೆ ಕೆಳಗಿನ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು, ಬೀದಿಯ ಹೆಂಗಸರು ಸರದಿಯಲ್ಲಿ ಹೋಗಿ ಅವರನ್ನು ನೋಡಿ ಬರತೊಡಗಿದರು. ಮುಂದಿನ ಬೇಸಿಗೆಯ ಹೊತ್ತಿಗೆ ಮನೆ ಬಿಡಿ ಎಂದು ಬಾದಲ್‌ಬಾಬು ನಮಗೆ ಹೇಳಿದರು, ನಾವು ಸಾಲ್ಟ್ ಲೇಕಿಗೆ ಹೋದೆವು. ಅಪ್ಪ ಹೆದರಿದ್ದೆಲ್ಲ ನಡೆಯಿತು, ನನ್ನ ಸ್ಕೂಲೂ ಬದಲಾಯಿತು. ಮೇಲಿದ್ದವರು ಬದುಕಿದ್ದಾರೆಂದು ನಿನಗೆ ಮೊದಲೇ ಅನುಮಾನವಿರಲಿಲ್ಲವೇ ಎಂದು ದೊಡ್ಡವಳಾದ ಮೇಲೆ ಅಮ್ಮನನ್ನು ಕೇಳಿದ್ದೇನೆ. ಅವಳು ಬೇಳೆ ಆರಿಸುವುದನ್ನು ನಿಲ್ಲಿಸದೆ, ಇದ್ದಿರಬಹುದು, ಸತ್ತವರಾದರೆ ಸುಲಭ ಇತ್ತಲ್ಲ, ಅಂದಳು.

ಆ ಭಾನುವಾರ ಪಿಶಿಮಾ ಮೊದಲ ತುತ್ತು ಕಲಸಿ, ಬಾಯಿಗಿಡದೆ, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅಪ್ಪನನ್ನು, ಅಮ್ಮನನ್ನು, ನನ್ನನ್ನು. ಆಮೇಲೆ ಬಂಗಾಳಿಯಲ್ಲಿ ಮೆಲ್ಲಗೆ ಏನೋ ಕೇಳಿದರು. ಅಮ್ಮನಿಗೆ ಅರ್ಥವಾಗಲಿಲ್ಲ. ಏನು ಹೇಳಿದ್ರು ಎಂದು ನನ್ನ ಕಡೆ ತಿರುಗಿದಳು. ನನಗೆ ಪ್ರತಿಯೊಂದು ಮಾತೂ ಅರ್ಥವಾಗಿತ್ತು. ಅಮ್ಮ ಇನ್ನೊಮ್ಮೆ ಕೇಳಿದ ಮೇಲೆ ಹೇಳಿದೆ.

"ನಾಲ್ಕು ದಿನ ಊಟ ಬರ್ಲಿಲ್ಲ ಅಲ್ವಾ, ನಮ್ಮ ಮನೇಲಿ ಯಾರಿಗೋ ಏನೋ ಆಗಿದೆ ಅಂತ ಹೆದರಿದ್ರಂತೆ. ದಿನಾ ದೇವ್ರಿಗೆ ಕೈಮುಗೀತಿದ್ರಂತೆ. ಎಲ್ಲರೂ ಚೆನ್ನಾಗಿದ್ದೀರಲ್ಲಾ ಅಂತ ಕೇಳ್ತಿದ್ದಾರೆ."

ಅಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ಇದ್ದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ತಪ್ಪಾಯ್ತು ಅಂತ ಹೇಳು ಅವರಿಗೆ," ಅಂದಳು.

ನಾನು ಬಂಗಾಳಿಯಲ್ಲಿ ಹೇಳಿದೆ. ಪಿಶಿಮಾ ತುತ್ತು ನುಂಗಿ, ಎಡಗೈಯಿಂದ ತಟ್ಟೆಯನ್ನು ಅಮ್ಮನ ಕಡೆಗೆ ಸ್ವಲ್ಪ ಸರಿಸಿದರು.

"ಇನ್ನೊಂದಿಷ್ಟು ಅನ್ನ ಹಾಕಲಿಕ್ಕೆ ಹೇಳು ನಿನ್ನ ಅಮ್ಮನಿಗೆ," ಅಂದರು.